ವೈಫೈ ಸತ್ತಿರಲಿಲ್ಲ

ಯಂತ್ರವೊಂದು ಮಾತು ಕೇಳದಿದ್ದರೆ ಅದು ಕೆಟ್ಟಿದೆ ಎಂದು ತೀರ್ಪು ಕೊಡಲು ನಮಗೆ ಹೆಚ್ಚು ಹೊತ್ತು ಬೇಡ. ಅದರ ಭಾಷೆ ಬಲ್ಲವರು ನಡುವೆ ಇದ್ದಾರೆಯೇ ಎಂದು ವಿಚಾರಿಸುವವರು ಕಡಿಮೆ. ಕಂಪ್ಯೂಟರ್ ಲೋಕದಲ್ಲಿ ಈ ದುಭಾಷಿಯ ಹೆಸರು ಡ್ರೈವರ್. ವೈಫೈ ಚಿಪ್ಪು ಹೇಳಿದ್ದನ್ನು ಕಂಪ್ಯೂಟರಿಗೂ ಕಂಪ್ಯೂಟರ್ ಹೇಳಿದ್ದನ್ನು ಚಿಪ್ಪಿಗೂ ತಿಳಿಸುವ ಪುಟ್ಟ ತಂತ್ರಾಂಶ ಅದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಾಗ ಬಾಣಾವರದ ನಮ್ಮ ಮನೆಯಲ್ಲೂ ಚಿಂತೆ ಹುಟ್ಟಿತು. ಕೊಬ್ಬರಿ ಮಾರಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಲ್ಯಾಪ್‌ಟಾಪ್ ನಮ್ಮದು. ಅರಸೀಕೆರೆಗೆ ಹೋಗಿ ಡಿಗ್ರಿ ಓದುವ ಮಗಳ ನೋಟ್ಸು, ಅರ್ಜಿ ಎಲ್ಲವೂ ಅದರಲ್ಲೇ. ಹೊಸದು ಕೊಳ್ಳುವ ಶಕ್ತಿಯಿರಲಿಲ್ಲ. ಪರಿಚಯದವರ ಪೆನ್‌ಡ್ರೈವಿನಲ್ಲಿದ್ದ ಲಿನಕ್ಸಿನ ಹಳೆಯ ಪ್ರತಿಯನ್ನು ಹಾಕಿದೆವು. ಯಂತ್ರ ಚುರುಕಾಯಿತು, ವೈಫೈ ಮಾತ್ರ ಮಾಯ! ಅಂಗಡಿಯವರು ನೋಡಿ, "ಕಾರ್ಡ್ ಹೋಗಿದೆ ಸಾಬ್ರೇ, ಇದನ್ನ ಕೊಟ್ಟು ಬೇರೆ ತಗೊಳ್ಳಿ" ಎಂದರು. ವಿದ್ಯಾರ್ಥಿವೇತನದ ಅರ್ಜಿಗೆ ನಾಲ್ಕೇ ದಿನ ಉಳಿದಿತ್ತು.

ಮಗಳು ಒಪ್ಪಲಿಲ್ಲ. "ಅಬ್ಬಾ, ಮೊನ್ನೆ ತನಕ ನಡೀತಿದ್ದ ಕಾರ್ಡು ಲಿನಕ್ಸ್ ಹಾಕಿದ ದಿನವೇ ಸಾಯುತ್ತಾ?"

ಪ್ರಶ್ನೆ ಸರಿಯಾಗಿತ್ತು. ರಾತ್ರಿ ಕುಳಿತು ಒಂದೊಂದೇ ನೋಡಿದೆವು. ವೈಫೈಗೆ ಗುಂಡಿಯಿಂದಲೋ ತಂತ್ರಾಂಶದಿಂದಲೋ ತಡೆ ಬಿದ್ದಿದೆಯೇ ಎಂದು ತಿಳಿಸುವ ಆಜ್ಞೆ 'ಆರ್‌ಎಫ್‌ಕಿಲ್'. ಅದರಲ್ಲಿ ತಡೆಯೇನೂ ಕಾಣಲಿಲ್ಲ. ಯಂತ್ರದೊಳಗಿನ ಭಾಗಗಳ ಪಟ್ಟಿ ಕೊಡುವ 'ಎಲ್‌ಎಸ್‌ಪಿಸಿಐ' ಚಿಪ್ಪಿನ ಹೆಸರನ್ನೂ ಗುರುತಿನ ಸಂಖ್ಯೆಯನ್ನೂ ತೋರಿಸಿತು. ಅಂದರೆ ಕಾರ್ಡಿಗೆ ಇನ್ನೂ ಜೀವವಿತ್ತು. ಕೊನೆಗೆ ಯಂತ್ರದ ದಿನಚರಿಯನ್ನು ತೆರೆದಿಡುವ 'ಡಿಮೆಸ್ಗ್' ಕಾರಣ ಹೇಳಿತು: ಫರ್ಮ್‌ವೇರ್ ಸಿಗುತ್ತಿಲ್ಲ. ಚಿಪ್ಪಿನೊಳಗೆ ಹೋಗಿ ಕೂರಬೇಕಾದ ಈ ಕಡತವಿಲ್ಲದೆ ಡ್ರೈವರ್ ಏನೂ ಮಾಡಲಾರದು. ಕಡತ ಇರುವುದು ಇಂಟರ್ನೆಟ್ಟಿನಲ್ಲಿ, ಇಂಟರ್ನೆಟ್ ಬರಲು ಬೇಕಾದದ್ದು ಅದೇ ಕಡತ! ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆ ನೆನಪಾಯಿತು. ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದಾಗ ಗಂಟು ಬಿಚ್ಚಿತು. ಕಡತ ಇಳಿಸಿ ಯಂತ್ರವನ್ನು ಮತ್ತೆ ಶುರು ಮಾಡಿದೆವು, ವೈಫೈ ಬಂತು. ಖರ್ಚಾದದ್ದು ಒಂದಿಷ್ಟು ಡೇಟಾ ಮಾತ್ರ.

ಈ ಕಡತ ಮೊದಲೇ ಏಕಿರಲಿಲ್ಲ? ಚಿಪ್ ತಯಾರಕರು ಸಾಮಾನ್ಯವಾಗಿ ಫರ್ಮ್‌ವೇರಿನ ಮೂಲಸಂಕೇತವನ್ನು ಹೊರಗೆ ಬಿಡುವುದಿಲ್ಲ. ಗುಟ್ಟಿನ ತಂತ್ರಾಂಶವನ್ನು ಮುಕ್ತ ತಂತ್ರಾಂಶದ ಜೊತೆ ಹಂಚಲು ಕೆಲವು ಲಿನಕ್ಸ್ ಸಮುದಾಯಗಳು ಒಪ್ಪುತ್ತಿರಲಿಲ್ಲ. ಈ ಜಗಳ ಹಳೆಯದು. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಅವರಿಗೆ ಪ್ರಿಂಟರೊಂದರ ಮೂಲಸಂಕೇತ ನಿರಾಕರಿಸಲಾಯಿತು. ಅಂಥ ಅನುಭವಗಳಿಂದಲೇ 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಕೊಟ್ಟರು. ಬಳಕೆದಾರರ ಕಷ್ಟ ಕಂಡು ಡೆಬಿಯನ್ ಸಮುದಾಯ 2022ರಲ್ಲಿ ಮತ ಹಾಕಿ ನಿಲುವು ಸಡಿಲಿಸಿತು. 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್ ಅನುಸ್ಥಾಪನೆಯ ಪ್ರತಿಯಲ್ಲೇ ಇರುತ್ತದೆ.

ಮಗಳ ಅರ್ಜಿ ಸಮಯಕ್ಕೆ ಹೋಯಿತು. ಆದರೆ ಕೆಟ್ಟಿದೆ ಎಂಬ ಒಂದೇ ಮಾತಿಗೆ ನಮ್ಮಂಥ ಊರುಗಳಲ್ಲಿ ಎಷ್ಟು ಲ್ಯಾಪ್‌ಟಾಪುಗಳು ಗುಜರಿ ಸೇರುತ್ತಿವೆಯೋ! ತಿಳಿವಳಿಕೆಗೆ ಬೀಗ ಬಿದ್ದಾಗ ಅದರ ಬೆಲೆ ತೆರುವವರು ಬಡವರೇ. ಬಲ್ಲ ಹುಡುಗ ಹುಡುಗಿಯರು ವಾರಕ್ಕೊಂದು ಗಂಟೆ ಊರಿನ ಗ್ರಂಥಾಲಯದಲ್ಲೋ ಶಾಲೆಯಲ್ಲೋ ಕುಳಿತು ಈ ಮೂರು ಆಜ್ಞೆಗಳನ್ನು ನಾಲ್ಕು ಜನಕ್ಕೆ ಹೇಳಿಕೊಟ್ಟರೆ, ಎಷ್ಟೋ ಮಕ್ಕಳ ಓದು ನಿಲ್ಲದೆ ಸಾಗೀತು.