ಎರಡು ಪದರದ ಕೂದಲು

ಪಮೇರಿಯನ್ ನಾಯಿಯ ಮೈಮೇಲೆ ಎರಡು ಪದರ ಕೂದಲಿರುತ್ತದೆ. ಮೇಲೆ ಕಾಣುವುದು ಉದ್ದನೆಯ, ತುಸು ಒರಟಾದ, ನೆಟ್ಟಗೆ ನಿಂತ ಕೂದಲು. ಅದರ ಬುಡದಲ್ಲಿ, ಚರ್ಮಕ್ಕೆ ಅಂಟಿಕೊಂಡಂತೆ, ಬಿಡಿಸಿದ ಹತ್ತಿಯಷ್ಟು ಮೆತ್ತನೆಯ ತುಪ್ಪಳ. ಆದರೆ ಏಪ್ರಿಲ್ ತಿಂಗಳ ಬೆಳಗ್ಗೆ ನವಲಗುಂದದ ಕಡೆ ಮನೆಯ ಕಟ್ಟೆಯ ಮೇಲೆ ಕಣ್ಣಿಗೆ ಬೀಳುವುದು ಬೋಳು ಮೈಯ ನಾಯಿ. ಮೋರೆಯ ಸುತ್ತ, ಬಾಲದ ತುದಿಗೆ ಮಾತ್ರ ಕೂದಲು. ನಡುವೆಲ್ಲ ಕೆಂಪಗಿನ ಚರ್ಮ, ಪಕ್ಕೆಯ ಮೇಲೆ ಕತ್ತರಿ ತಗುಲಿದ ಎರಡು ಗೀರು. ‘ಪಾಪ, ಅದಕ್ಕೂ ಸೆಕಿ ಆಗತೈತಿ’ ಎಂಬ ಕಳಕಳಿಯಿಂದಲೇ ಹೀಗೆ ಮಾಡುತ್ತಾರೆ. ಕಳಕಳಿ ನಿಜ, ಕೆಲಸ ತಪ್ಪು.

ಈ ತಪ್ಪಿನ ಹಿಂದೆ ಕುರಿಯ ಲೆಕ್ಕವಿದೆ. ಈ ಬಯಲುಸೀಮೆಯಲ್ಲಿ ಕುರುಬರು ಕುರಿಯ ಉಣ್ಣೆ ಕತ್ತರಿಸಿ ಕಂಬಳಿ ಮಾಡುವುದನ್ನು ತಲೆಮಾರುಗಳಿಂದ ಜನ ನೋಡಿದ್ದಾರೆ. ಕುರಿಯ ಉಣ್ಣೆ ಕತ್ತರಿಸಿದಷ್ಟೂ ಬೆಳೆಯುತ್ತದೆ. ಪಮೇರಿಯನ್ ನಾಯಿಯ ಕೂದಲು ಹಾಗಲ್ಲ; ಒಂದು ಅಳತೆಗೆ ಬೆಳೆದು ನಿಂತು, ತಾನಾಗಿ ಉದುರಿ, ಮತ್ತೆ ಹುಟ್ಟುತ್ತದೆ. ಬುಡಮಟ್ಟ ಬೋಳಿಸಿದರೆ ತುಪ್ಪಳ ಮೊದಲು ಬಂದು ಮೇಲಿನ ಕೂದಲು ಹಿಂದೆ ಬೀಳುತ್ತದೆ. ಕೆಲವು ನಾಯಿಗಳಿಗೆ ತಿಂಗಳುಗಟ್ಟಲೆ ಕೂದಲೇ ಬರುವುದಿಲ್ಲ, ಚರ್ಮ ಕಪ್ಪಾಗುತ್ತದೆ. ಇಷ್ಟಕ್ಕೂ ನಾಯಿ ಮನುಷ್ಯರ ಹಾಗೆ ಮೈತುಂಬ ಬೆವರುವ ಪ್ರಾಣಿಯಲ್ಲ. ಮುಖ್ಯವಾಗಿ ನಾಲಿಗೆ ಚಾಚಿ ತೇಕುತ್ತ ಕಾವು ಕಳೆದುಕೊಳ್ಳುತ್ತದೆ. ಮೇಲಿನ ಕೂದಲು ಬಿಸಿಲು ನೇರವಾಗಿ ಚರ್ಮಕ್ಕೆ ಬಡಿಯದಂತೆ ತಡೆಯುವ ಚಪ್ಪರ. ಅದರೊಳಗೆ ಗಾಳಿ ಆಡಬೇಕಾದರೆ ಉದುರಿ ಸಿಕ್ಕಿಕೊಂಡ ತುಪ್ಪಳ ಹೊರಬರಬೇಕು. ಅದನ್ನು ತೆಗೆಯುವುದು ಹಣಿಗೆಯ ಕೆಲಸ, ಬೋಳಿಸುವ ಮಷೀನಿನದಲ್ಲ.

ತಳಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಾಲ್ಟಿಕ್ ಕಡಲ ದಂಡೆಯ ಪೊಮೆರೇನಿಯಾ ಸೀಮೆಯಿಂದ ಈ ಹೆಸರು ಬಂತು. ಅಪ್ಪಟ ಪಮೇರಿಯನ್ ತೂಗುವುದು ಎರಡು-ಮೂರು ಕಿಲೊ; ಹಳ್ಳಿಗಳಲ್ಲಿ ಆ ಹೆಸರಿನಿಂದ ಓಡಾಡುವ ಬಿಳಿ ನಾಯಿ ಬಹುಪಾಲು ಅದಕ್ಕಿಂತ ದೊಡ್ಡದಾದ ಇಂಡಿಯನ್ ಸ್ಪಿಟ್ಜ್. ಕೂದಲಿನ ಆರೈಕೆ ಎರಡಕ್ಕೂ ಒಂದೇ.

ಹಣಿಗೆ ಹಾಕುವುದರಲ್ಲೇ ಎಲ್ಲ ಇದೆ. ಮೇಲೆಮೇಲೆ ಸವರಿದರೆ ನಾಯಿ ಹೊರಗೆ ಹೊಳೆಯುತ್ತದೆ, ಒಳಗೆ ತುಪ್ಪಳ ಗಂಟುಗಟ್ಟುತ್ತ ಹೋಗುತ್ತದೆ. ಸರಿಯಾದ ಕ್ರಮದಲ್ಲಿ ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಎಡಗೈಯಿಂದ ಕೂದಲನ್ನು ಮೇಲಕ್ಕೆತ್ತಿ ಹಿಡಿಯಬೇಕು. ಚರ್ಮದ ಬಿಳಿ ಗೆರೆ, ಹೆರಳಿನ ಬೈತಲೆಯ ಹಾಗೆ, ಕಾಣಬೇಕು. ಆ ಗೆರೆಯಿಂದ ಹೊರಕ್ಕೆ ಎಳೆದು, ಬೆರಳಗಲ ಬಿಟ್ಟು ಮುಂದಿನ ಗೆರೆ. ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ, ಹಿಂದೊಡೆಗೆ ಗಂಟು ಹೆಚ್ಚು. ಗಂಟನ್ನು ಬೆರಳಿನಿಂದ ಬಿಡಿಸಿ, ಆಮೇಲೆ ಹಣಿಗೆ. ನವಲಗುಂದದ ಜಮಖಾನೆ ನೇಯುವ ಹೆಂಗಸರು ಹಲ್ಲುಳ್ಳ ಪಂಜದಿಂದ ಹೊಕ್ಕಿನ ದಾರವನ್ನು ಬಡಿದು ಬಿಗಿಮಾಡುತ್ತಾರೆ. ನಾಯಿಯ ಮೈಮೇಲಿನ ಹಣಿಗೆ ಅದಕ್ಕೆ ವಿರುದ್ಧ, ಬಿಗಿದದ್ದನ್ನು ಸಡಿಲಿಸುವುದು. ಕೈಗೆ ಬೇಕಾದ ತಾಳ್ಮೆ ಮಾತ್ರ ಎರಡರಲ್ಲೂ ಒಂದೇ. ವಾರಕ್ಕೆ ಎರಡು-ಮೂರು ಸಲ ಸಾಕು. ತುಪ್ಪಳ ಉದುರುವ ಕಾಲದಲ್ಲಿ ದಿನಾ ಬೇಕು.

ಸ್ನಾನ ಹಣಿಗೆಯ ನಂತರವೇ. ಗಂಟಿನ ಮೇಲೆ ನೀರು ಬಿದ್ದರೆ ಅದು ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ. ತಿಂಗಳಿಗೊಂದು ಸ್ನಾನ, ನಾಯಿಗೆಂದೇ ಮಾಡಿದ ಶಾಂಪೂ, ಬುಡದವರೆಗೆ ಒಣಗಿಸುವುದು: ಮೂರರಲ್ಲಿ ಮೂರನೆಯದೇ ಮುಖ್ಯ. ತುಪ್ಪಳ ಹಸಿಯಾಗಿ ಉಳಿದರೆ ಚರ್ಮ ಕೆರೆದು ಹುಣ್ಣಾಗುತ್ತದೆ. ಕಲಘಟಗಿಯ ಮಳೆಗಾಲದಲ್ಲಿ ಈ ಕಾಟ ಹೆಚ್ಚು, ಉಣ್ಣಿಯೂ ಹೆಚ್ಚು. ಅಣ್ಣಿಗೇರಿಯ ಎರೆಮಣ್ಣಿನಲ್ಲಿ ಬೆರಳ ಸಂದಿಯ ಕೆಸರು ಒಣಗಿ ಕಲ್ಲಾಗುತ್ತದೆ. ಆ ಸಂದಿಯ ಕೂದಲನ್ನಷ್ಟೇ ಕತ್ತರಿಸಬಹುದು. ಕೊಬ್ಬರಿ ಎಣ್ಣೆ ಹಚ್ಚಿದರೆ ಧೂಳು ಮೆತ್ತುತ್ತದೆ. ಹತ್ತಿಗೆ ಹೊಡೆಯುವ ಔಷಧವನ್ನು ಉಣ್ಣಿಗೆಂದು ನಾಯಿಯ ಮೈಗೆ ಎಂದೂ ಹಚ್ಚಬಾರದು. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಜೀವಕ್ಕೇ ಸಂಚಕಾರ. ಉಣ್ಣಿಯ ಔಷಧಕ್ಕೆ ಪಶುವೈದ್ಯರನ್ನೇ ಕೇಳಬೇಕು.

ಊರಿನ ನಾಯಿಗಳಿಗೆ ಕಟ್ಟೆಯೇ ಗಡಿ. ಪಮೇರಿಯನ್ ಹೊಸ್ತಿಲು ದಾಟಿ ಪಡಸಾಲೆಗೆ ಬಂದ ನಾಯಿ. ಹೊಸ್ತಿಲಲ್ಲಿ ನಿಂತ ನಾಯಿಯೆಂದರೆ ನೆನಪಾಗುವುದು ಧರ್ಮರಾಯನ ಜೊತೆ ಸ್ವರ್ಗದ ಬಾಗಿಲವರೆಗೆ ನಡೆದದ್ದು. ಅಣ್ಣಿಗೇರಿಯ ನಂಟಿರುವ ಪಂಪನ ಭಾರತ ಕಾವ್ಯ ಅರ್ಜುನನ ಪಟ್ಟಾಭಿಷೇಕಕ್ಕೆ ಮುಗಿಯುತ್ತದೆ; ಪಕ್ಕದ ಗದುಗಿನ ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ. ಇಬ್ಬರಲ್ಲೂ ಆ ನಾಯಿ ಇಲ್ಲ. ಅವರ ಕೈಯಲ್ಲಿ ಅದು ಹೇಗೆ ನಡೆಯುತ್ತಿತ್ತೋ, ಮೈತುಂಬ ಉತ್ತರಾಣಿ ಮುಳ್ಳು ಅಂಟಿಸಿಕೊಂಡು ಬರುತ್ತಿತ್ತೋ ಎಂಬ ಕುತೂಹಲ ಓದುಗರಿಗೆ ಉಳಿಯುತ್ತದೆ.

ಒಂದು ಸಲ ಹಣಿಗೆ ಹಾಕಿದರೆ ಬೊಗಸೆ ತುಂಬ ತುಪ್ಪಳ ಬರುತ್ತದೆ. ಉಣ್ಣಿಯ ಔಷಧ ಹಚ್ಚಿದ್ದರೆ ಆ ತುಪ್ಪಳವನ್ನು ಹೊರಗೆ ಹಾರಲು ಬಿಡಬಾರದು, ಹಕ್ಕಿಮರಿಗಳಿಗೆ ಅಪಾಯ. ಔಷಧ ಸೋಕದ್ದಾದರೆ ಬೇಲಿಯ ಮೇಲೆ ಇಟ್ಟರಾಯಿತು. ಗುಬ್ಬಿ ಬಂದು, ಅತ್ತಿತ್ತ ನೋಡಿ, ಮೀಸೆಯಂತೆ ಕೊಕ್ಕಿನ ಎರಡೂ ಕಡೆ ಬಿಳಿ ಎಳೆ ಇಳಿಬಿಟ್ಟುಕೊಂಡು ಮಾಳಿಗೆಯ ಜಂತಿಯ ಸಂದಿಗೆ ಹಾರುತ್ತದೆ.