ಒದೆಯದ ರೈಫಲ್ ಹುಡುಕಿಕೊಂಡು

ಚಾಮರಾಜನಗರ ಜಿಲ್ಲೆಯಲ್ಲಿ "ರೈಫಲ್ ತಗೋಬೇಕು ಅಂತಿದೀವಿ" ಅಂತ ಯಾರ ಹತ್ರ ಬೇಕಾದ್ರೂ ಹೇಳಿ ನೋಡಿ, ಮೂರೇ ಮೂರು ಪ್ರಶ್ನೆ ಬರುತ್ತವೆ. ಒಂದು, "ಹಂದಿಗ ಹೊಡಿಬೋದಾ?" ಎರಡು, "ಲೈಸೆನ್ಸ್ ಬೇಡ್ವಾ?" ಮೂರನೆಯದನ್ನು ವಯಸ್ಸಾದವರು ಕೇಳುತ್ತಾರೆ: "ಯಾಕ್ಲಾ ನಿಮ್ಗ ಈ ಉಸಾಬರಿ?" ಕಾಗದದ ಮೇಲಿರೋ ಕಪ್ಪು ಚುಕ್ಕಿಗೆ ಹೊಡೆಯೋಕೆ ಅಂತ ಹೇಳಿದ್ರೆ ಯಾರೂ ನಂಬಲ್ಲ. ದುಡ್ಡು ಕೊಟ್ಟು ಬಂದೂಕು ತಂದು ಕಾಗದಕ್ಕೆ ಹೊಡೆಯೋರು ಇರ್ತಾರಾ ಅಂತ ನಗುತ್ತಾರೆ.

ಇರ್ತಾರೆ. ನಾವು ಮೂವರಿದ್ದೀವಿ. ಒಂದೇ ಹಾಸ್ಟೆಲ್ ರೂಮು, ನಾಲ್ಕನೇ ಸೆಮಿಸ್ಟರ್. ಒಬ್ಬ ಚಾಮರಾಜನಗರ ಟೌನಿನವನು, ಇಬ್ಬರು ಗುಂಡ್ಲುಪೇಟೆ ಕಡೆಯವರು. "ಊರ ಹೆಸರಲ್ಲೇ ಗುಂಡು ಇದೆ, ಇವರಿಗೆ ರೈಫಲ್ ಬೇರೆ ಬೇಕಾ" ಅಂತ ಬೆಂಗಳೂರು ಹುಡುಗರ ಜೋಕು. ಅದು ಗುಂಡ್ಲು ಹೊಳೆಯ ಹೆಸರು ಮಾರಾಯಾ ಅಂತ ಎಷ್ಟು ಸಲ ಹೇಳಿದರೂ ಕೇಳಲ್ಲ.

ಈ ಹುಚ್ಚು ಹತ್ತಿದ್ದು ಎನ್‌ಸಿಸಿಯಿಂದ. ಅಲ್ಲಿ ಕೊಡೋದು .22 ಬೋಲ್ಟ್ ಆಕ್ಷನ್ ರೈಫಲ್. ಹೊಟ್ಟೆ ಮೇಲೆ ಮಲಗಿ, 25 ಗಜ ದೂರದ ಟಾರ್ಗೆಟ್‌ಗೆ ಐದು ಗುಂಡು. ಪ್ರತಿ ಗುಂಡಿಗೂ ಬೋಲ್ಟ್ ಎತ್ತಿ, ಹಿಂದೆ ಎಳೆದು, ಮುಂದೆ ತಳ್ಳಿ, ಕೆಳಗೆ ಮಡಚಬೇಕು. ಅಷ್ಟು ಹೊತ್ತಲ್ಲಿ ಉಸಿರು ಒಂದು ಹದಕ್ಕೆ ಬಂದಿರುತ್ತೆ. ಅವಸರ ಮಾಡೋಕೆ ಆ ಯಂತ್ರವೇ ಬಿಡಲ್ಲ. ದಿನಕ್ಕೆ ನೂರಾರು ರೀಲ್ ತಳ್ಳೋ ಅದೇ ಬೆರಳು ಒಂದು ಟ್ರಿಗರ್‌ಗಾಗಿ ಅರ್ಧ ನಿಮಿಷ ಕಾಯುತ್ತೆ ಅನ್ನೋದು ನಮಗೇ ಆಶ್ಚರ್ಯ. ಕ್ಯಾಂಪ್ ಮುಗಿಸಿ ಬಂದ ರಾತ್ರಿಯೇ ಮೂವರೂ ಸೇರಿ ಒಂದು ರೈಫಲ್ ತಗೊಳ್ಳೋದು ಅಂತ ತೀರ್ಮಾನ ಆಯ್ತು. ಷರತ್ತು ಎರಡೇ: ಜೇಬಿಗೆ ಹೊರೆಯಾಗಬಾರದು, ಭುಜಕ್ಕೆ ಒದೆಯಬಾರದು.

ಮೂವರದ್ದೂ ಶುರುವಿಂದ ಇಂಗ್ಲಿಷ್ ಮೀಡಿಯಂ. ರಿಕಾಯ್ಲ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ಡಿಕ್ಷನರಿ ಹುಡುಕುತ್ತಾ ಕೂತಿದ್ದಾಗ, ಊರಲ್ಲಿ ಒಬ್ಬ ಅಜ್ಜ ಒಂದೇ ಮಾತಲ್ಲಿ ಮುಗಿಸಿದರು: "ಒದಿತದ ಕನಾ ಬಂದೂಕ, ಎತ್ತು ಒದ್ದಂಗ." ಅಂದಿನಿಂದ ನಮ್ಮ ರೂಮಲ್ಲಿ ಅದು "ಒದೆ". ಈ ಲೇಖನದಲ್ಲೂ ಅದೇ ಇರಲಿ.

ಇಂಜಿನಿಯರಿಂಗ್ ಓದ್ತಾ ಇದ್ದೀವಿ ಅಂದ ಮೇಲೆ ಒದೆಯನ್ನು ಲೆಕ್ಕ ಹಾಕದೆ ಬಿಡೋಕಾಗುತ್ತಾ? ಮೊಮೆಂಟಮ್ ಕನ್ಸರ್ವೇಶನ್ ಸಾಕು, ಪಿಯುಸಿ ಫಿಸಿಕ್ಸ್. .22 ಗುಂಡಿನ ತೂಕ ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ರೈಫಲ್ 2.8 ಕೆಜಿ ಅಂತ ಇಟ್ಕೊಂಡ್ರೆ ಅದು ಹಿಂದಕ್ಕೆ ಬರೋ ವೇಗ ಸೆಕೆಂಡಿಗೆ 0.3 ಮೀಟರ್, ಶಕ್ತಿ 0.13 ಜೌಲ್. ಯಾರೋ ಭುಜ ತಟ್ಟಿ ಕರೆದಷ್ಟು. ಹಳೇ .303 ತಗೊಳ್ಳಿ: ಗುಂಡು 11.3 ಗ್ರಾಂ, ವೇಗ ಸುಮಾರು 740 ಮೀಟರ್, ರೈಫಲ್ 4 ಕೆಜಿ. ಹಿಂದಕ್ಕೆ 2.1 ಮೀಟರ್ ವೇಗ, ಶಕ್ತಿ 8.7 ಜೌಲ್. ಸಿಡಿಮದ್ದಿನ ಗ್ಯಾಸಿನ ಪಾಲನ್ನು ಸೇರಿಸದೆಯೇ ಇದು .22ರ ಅರವತ್ತು ಪಟ್ಟಿಗೂ ಜಾಸ್ತಿ. ಅಜ್ಜ ಹೇಳಿದ ಎತ್ತು ಇದೇ ಇರಬೇಕು.

ಒದೆ ಕಮ್ಮಿ ಇರಲಿ ಅನ್ನೋದು ಭುಜ ನೋಯುತ್ತೆ ಅಂತ ಮಾತ್ರ ಅಲ್ಲ. ಒದೆ ತಿಂದ ಮೈ ಅದನ್ನು ಮರೆಯಲ್ಲ. ಮುಂದಿನ ಸಲ ಟ್ರಿಗರ್ ಒತ್ತೋ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತೆ, ಭುಜ ಬಿಗಿಯಾಗುತ್ತೆ, ಗುಂಡು ಎಲ್ಲಿಗೋ ಹೋಗುತ್ತೆ. ಹೊಸಬರು ದೊಡ್ಡ ರೈಫಲ್‌ನಲ್ಲಿ ಕಲಿಯಬಾರದು ಅನ್ನೋದು ಇದಕ್ಕೇ.

ಹಾಗಾದ್ರೆ .22 ತಗೊಂಡ್ರೆ ಆಯ್ತಲ್ಲ? ಕಳೆದ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, 2024ರ ಆಗಸ್ಟ್ 1ರಂದು, ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಲೆ 451.4 ಅಂಕ ತೆಗೆದು ಕಂಚು ಗೆದ್ದಿದ್ದು 50 ಮೀಟರ್ ರೈಫಲ್‌ನಲ್ಲಿ, ಅಂದರೆ .22ರಲ್ಲೇ. ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ಅದನ್ನು ನೋಡಿ ನಮಗೂ ಹುರುಪು ಬಂದಿತ್ತು. ಆದರೆ .22 ಕೂಡ ಕಾನೂನಿನ ಪ್ರಕಾರ ಬಂದೂಕೇ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು, ಲೈಸೆನ್ಸ್‌ಗೆ 21 ತುಂಬಿರಬೇಕು. ನಮಗೆ ಹತ್ತೊಂಬತ್ತು. ಅದೂ ಅಲ್ಲದೆ .22 ಗುಂಡು ಚಿಕ್ಕದು ಅಂತ ಹಗುರವಾಗಿ ನೋಡೋ ಹಾಗಿಲ್ಲ, ತಪ್ಪಿದರೆ ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಲ್ಲದು. ನಮ್ಮ ಕಡೆ ಅಷ್ಟು ದೂರದೊಳಗೆ ಒಂದು ಊರು, ಒಂದು ಕೆರೆ, ಹತ್ತು ಹಸು ಇದ್ದೇ ಇರುತ್ತವೆ.

ಉಳಿದದ್ದು ಏರ್ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚು, ಅಂದ್ರೆ 4.5 ಮಿಲಿಮೀಟರ್ ಬೋರ್ ಮೀರದ, 20 ಜೌಲ್‌ಗಿಂತ ಕಮ್ಮಿ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೆ 7 ಜೌಲ್ ಚಿಲ್ಲರೆ. 10 ಮೀಟರ್ ಗುರಿಗೆ ಧಾರಾಳ ಸಾಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದಿದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಟಾರ್ಗೆಟ್‌ನ ಹತ್ತು ಅಂಕದ ಚುಕ್ಕಿ ಎಷ್ಟು ದೊಡ್ಡದು ಗೊತ್ತಾ? ಅರ್ಧ ಮಿಲಿಮೀಟರ್! ಪೆನ್ನಿನ ತುದಿ ಕಾಗದಕ್ಕೆ ತಾಗಿಸಿ ಎತ್ತಿದಷ್ಟು.

ಏರ್ ರೈಫಲ್‌ನಲ್ಲೂ ಎರಡು ಜಾತಿ. ಒಂದು ಸ್ಪ್ರಿಂಗ್‌ನದ್ದು. ಬ್ಯಾರೆಲ್ ಮಡಚಿದರೆ ಸ್ಪ್ರಿಂಗ್ ಒತ್ತಿಕೊಳ್ಳುತ್ತೆ, ಟ್ರಿಗರ್ ಬಿಟ್ಟಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತೆ. ಪೆಲೆಟ್‌ನ ಲೆಕ್ಕದಲ್ಲಿ ಒದೆ ಇಲ್ಲವೇ ಇಲ್ಲ ಅನ್ನಬಹುದು, ಸೆಕೆಂಡಿಗೆ ಮೂರು ಸೆಂಟಿಮೀಟರ್. ಆದ್ರೆ ಪಿಸ್ಟನ್‌ಗೂ ತೂಕ ಇದೆಯಲ್ಲ! ಅದು ಮುಂದೆ ಹೋಗುವಾಗ ರೈಫಲ್ ಹಿಂದಕ್ಕೆ, ಅದು ಕೊನೆಗೆ ಬಡಿದು ನಿಂತಾಗ ರೈಫಲ್ ಮುಂದಕ್ಕೆ. ಎರಡು ಕಡೆ ಒದೆ. ಪೆಲೆಟ್ ಬ್ಯಾರೆಲ್ ಬಿಡೋ ಮೊದಲೇ ಈ ಅಲುಗಾಟ ಶುರುವಾಗಿರುತ್ತೆ. ಇನ್ನೊಂದು ಪಿಸಿಪಿ, ಸಿಲಿಂಡರ್‌ನಲ್ಲಿ ಮೊದಲೇ ಗಾಳಿ ತುಂಬಿಡೋದು. ಬೋಲ್ಟ್ ಹಿಂದೆಳೆದು ಪೆಲೆಟ್ ಇಟ್ಟು ಮುಂದೆ ತಳ್ಳಿದರೆ ಆಯ್ತು. ಥೇಟ್ ಎನ್‌ಸಿಸಿ ರೈಫಲ್‌ನಂತೆ, ಆದ್ರೆ ಒದೆ ಗೊತ್ತೇ ಆಗಲ್ಲ. ನಮ್ಮ ಮನಸ್ಸು ಬಿದ್ದಿದ್ದು ಇದರ ಮೇಲೆ.

ಬೆಲೆ ಕೇಳಿದಾಗ ಮನಸ್ಸು ಎದ್ದು ನಿಂತಿತು. ಒಲಿಂಪಿಕ್ಸ್‌ನಲ್ಲಿ ಕಾಣೋ ಜರ್ಮನಿಯ ವಾಲ್ಥರ್, ಫೈನ್‌ವರ್ಕ್‌ಬಾವ್ ಎಲ್ಲ ಲಕ್ಷದ ಮೇಲಿನ ಮಾತು. ನಮ್ಮ ದೇಶದಲ್ಲೇ ತಯಾರಾಗೋ ಪಿಸಿಪಿ, ಅದಕ್ಕೆ ಕೈಪಂಪು, ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ. ಸ್ಪ್ರಿಂಗ್‌ನದ್ದು ಹನ್ನೆರಡು ಸಾವಿರದ ಆಸುಪಾಸು. ಸ್ಕಾಲರ್‌ಶಿಪ್, ಜಾತ್ರೆ ದುಡ್ಡು, ಹೊಸ ಮೊಬೈಲ್ ಬೇಡ ಅಂತ ಉಳಿಸಿದ್ದು ಎಲ್ಲ ಸೇರಿಸಿದರೆ ನಮ್ಮ ಹತ್ರ ಇದ್ದದ್ದು ಇಪ್ಪತ್ತೈದು. ಕಮ್ಮಿ ಬಿದ್ದಿದ್ದು ಹದಿನೈದು ಸಾವಿರ.

ಆ ಹದಿನೈದು ಸಾವಿರ ಕೊಡ್ತೀನಿ ಅಂತ ಬಂದವರು ನಮ್ಮಲ್ಲೊಬ್ಬನ ಚಿಕ್ಕಪ್ಪ. ಬಂಡೀಪುರ ಕಾಡಿನ ಅಂಚಿನಲ್ಲಿ ಅವರ ಮೂರು ಎಕರೆ. ಒಂದು ಕಡೆ ಅರಿಶಿನ, ಒಂದು ಕಡೆ ಜೋಳ, ಹೋದ ವರ್ಷದಿಂದ ಚೆಂಡು ಹೂ. ರಾತ್ರಿ ಅಟ್ಟಣೆ ಮೇಲೆ ಕೂತು ತಗಡು ಬಡಿದು ಬಡಿದು ಅವರ ಕಣ್ಣು ಕೆಂಪಗಾಗಿರುತ್ತೆ. ಒಂದೇ ರಾತ್ರಿಯಲ್ಲಿ ಹಂದಿ ಹಿಂಡು ಬಂದು ಅರ್ಧ ಎಕರೆ ಜೋಳ ಮಲಗಿಸಿದ್ದನ್ನು ನಾವೇ ಕಣ್ಣಾರೆ ನೋಡಿದ್ದೀವಿ. ಅವರು ಕೇಳಿದ್ದು ಇಷ್ಟೇ: "ದುಡ್ಡ ನಾ ಕೊಡ್ತಿನಿ. ರಜದಲ್ಲಿ ನಿಮ್ದು, ಬೆಳ ಬಂದಾಗ ನಂದು. ಸಾಯ್ಸಕ್ಕಲ್ಲ ಕನ್ರಪ್ಪ, ಹೆದ್ರುಸಕ್ಕ."

ಎರಡು ರಾತ್ರಿ ರೂಮಲ್ಲಿ ಇದೇ ಜಗಳ. ಒಬ್ಬ ಹೂಂ ಅಂದ, ಒಬ್ಬ ಬೇಡ ಅಂದ, ಒಬ್ಬ ಮೊದಲು ಹೂಂ ಅಂದು ಆಮೇಲೆ ಸುಮ್ಮನಾದ. ಚಿಕ್ಕಪ್ಪ ಕೇಳಿದ್ದರಲ್ಲಿ ದುರಾಸೆ ಏನೂ ಇರಲಿಲ್ಲ, ಅದೇ ಕಷ್ಟ ಆಗಿದ್ದು. ಆದ್ರೆ ಹಂದಿ ಚರ್ಮಕ್ಕೆ 4.5 ಮಿಲಿಮೀಟರ್ ಪೆಲೆಟ್ ಬಿದ್ದರೆ ಅದು ಸಾಯಲ್ಲ, ಹೆದರಿ ಓಡಿದರೂ ಗಾಯದಲ್ಲಿ ಸೀಸ ಇಟ್ಟುಕೊಂಡು ನರಳುತ್ತೆ. ನೋವು ತಿಂದ ಹಂದಿ ಕತ್ತಲಲ್ಲಿ ಅಟ್ಟಣೆ ಕೆಳಗೇ ತಿರುಗಿ ನಿಂತರೆ? ಕಾನೂನು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಇಲ್ಲದೆ ಕಾಡುಪ್ರಾಣಿಗೆ ಹೊಡೆಯೋದು ಅಪರಾಧ. ಅದೇ ಕಾಯ್ದೆಯಲ್ಲಿ "ಆಯುಧ" ಅನ್ನೋ ಪದದ ಅರ್ಥ ಓದಿದರೆ ಚಾಕು, ಬಲೆ, ಉರುಳು ಎಲ್ಲ ಅದರಲ್ಲಿದೆ, ಪ್ರಾಣಿಗೆ ಗಾಯ ಮಾಡಬಲ್ಲ ಯಾವುದೇ ಸಾಧನವೂ ಸೇರುತ್ತೆ. ಲೈಸೆನ್ಸ್ ಬೇಡದ ಏರ್ ರೈಫಲ್ ಕೂಡ ಅಲ್ಲಿ ಆಯುಧವೇ. ಬರವಣಿಗೆಯಲ್ಲಿ ಅನುಮತಿ ಇಲ್ಲದೆ ಅದನ್ನು ಅಭಯಾರಣ್ಯದೊಳಗೆ, ರಾಷ್ಟ್ರೀಯ ಉದ್ಯಾನದೊಳಗೆ ಒಯ್ಯೋ ಹಾಗಿಲ್ಲ. ಬಂಡೀಪುರದ ಒಳಗೆ ಹಾದುಹೋಗೋ ರಸ್ತೆಯಲ್ಲಿ ಬೈಕಿಗೆ ಕಟ್ಟಿಕೊಂಡು ವಯನಾಡ್ ಟ್ರಿಪ್ ಹೋಗ್ತೀವಿ ಅನ್ನೋರು ಇದನ್ನು ಎರಡು ಸಲ ಓದಿಕೊಳ್ಳಿ.

ನಮ್ಮ ಅಪ್ಪಂದಿರ ಮಾತು ಇನ್ನೂ ಬೇರೆ. ನಾವು ಹುಟ್ಟೋ ಹೊತ್ತಿಗೆ ವೀರಪ್ಪನ್ ಸತ್ತಾಗಿತ್ತು, 2004ರ ಅಕ್ಟೋಬರ್ 18ರಂದು. ನಮಗೆ ಅವನು ಸಿನಿಮಾ, ವೆಬ್ ಸೀರೀಸ್. ಅವರಿಗೆ ಹಾಗಲ್ಲ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1993ರಲ್ಲಿ ಪಾಲಾರ್ ಸ್ಫೋಟ, 2000ದಲ್ಲಿ ಡಾ. ರಾಜ್‌ಕುಮಾರ್ ಅವರ 108 ದಿನ, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರ ಅಪಹರಣ, ಡಿಸೆಂಬರ್‌ನಲ್ಲಿ ಅವರ ಶವ. ಒಬ್ಬರ ಅಪ್ಪ ಹೇಳಿದರು: "ಆ ಕಾಲ್ದಲ್ಲಿ ಕೊಳ್ಳೇಗಾಲದ ಕಡೆ ಬಸ್ ಹತ್ತುದ್ರ ಮನ ಸೇರ್ದಾಗ್ಲೇ ನಂಬ್ಕ. ಹೆಗಲ ಮೇಲ ಉದ್ದುಕ ಏನಾರ ಇದ್ರ ಜನ ದೂರ ಸರೀತಿದ್ರು ಕಣಪ್ಪ. ಈಗ ನನ್ ಮಗನ ಹೆಗಲ ಮೇಲ ನೋಡ್ಬೇಕಾ?" ಕೊಡಗಿನ ನಮ್ಮ ಕ್ಲಾಸ್‌ಮೇಟ್‌ಗೆ ಇದು ಅರ್ಥವೇ ಆಗಲಿಲ್ಲ. ಅವನ ಮನೆಯಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಇಟ್ಟು ಪೂಜೆ ಮಾಡ್ತಾರೆ, ತೆಂಗಿನಕಾಯಿಗೆ ಗುರಿ ಇಡ್ತಾರೆ. ಕೊಡವರಿಗೆ ಲೈಸೆನ್ಸ್ ವಿನಾಯಿತಿಯೂ ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಅಲ್ಲಿ ಕೋವಿ ಮನೆಯ ಮಗ. ನಮ್ಮ ಜಿಲ್ಲೆಯಲ್ಲಿ ಅದು ಮನೆ ಹೊಕ್ಕ ಭಯ.

ಮೂರನೇ ದಿನ ಚಿಕ್ಕಪ್ಪನ ಮುಂದೆ ಕೂತು ಬೇಡ ಅಂದ್ವಿ. ಅವರು ಕೂಗಾಡಲಿಲ್ಲ. "ಆಯ್ತು ಬುಡಿ, ಕಾಗ್ದುಕ್ ಹೊಡ್ಕಳಿ, ಕಾಗ್ದ ಅನ್ನ ಹಾಕ್ತದ" ಅಂದು ಎದ್ದು ಹೋದರು. ಅವತ್ತಿಂದ ಮಾತು ಕಮ್ಮಿ. ನಾವು ಮೂವರೂ ಅವರ ಬೆಳೆ ಹಾನಿಯ ಫೋಟೋ ತೆಗೆದು, ಪಹಣಿ ಜೋಡಿಸಿ, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿಸಿದ್ದೀವಿ. ಅಟ್ಟಣೆ ಪಕ್ಕ ಇಡೋಕೆ ಸೆನ್ಸರ್ ಲೈಟು, ಸೈರನ್ ಒಂದು ಮಾಡ್ತಾ ಇದ್ದೀವಿ, ಮಿನಿ ಪ್ರಾಜೆಕ್ಟ್‌ಗೂ ಆಗುತ್ತೆ. ಹಂದಿಗೆ ಅದು ನಾಲ್ಕು ದಿನದಲ್ಲಿ ಅಭ್ಯಾಸ ಆಗಿಬಿಡಬಹುದು ಅಂತ ಚಿಕ್ಕಪ್ಪನೇ ಎಚ್ಚರಿಸಿದ್ದಾರೆ. ಅಷ್ಟಾದರೂ ಮಾತಾಡಿದರಲ್ಲ ಅಂತ ನಮಗೆ ಸಮಾಧಾನ.

ಕೊನೆಗೆ ತಗೊಂಡಿದ್ದು ಸ್ಪ್ರಿಂಗ್‌ನದ್ದೇ. ಬೋಲ್ಟ್ ಇಲ್ಲ, ಎರಡೂ ಕಡೆ ಒದೆಯುತ್ತೆ, ಆದ್ರೆ ಪೂರ್ತಿ ನಮ್ಮ ದುಡ್ಡು. ಉಳಿದದ್ದರಲ್ಲಿ ಪೆಲೆಟ್ ಡಬ್ಬಿ, ಮೂರು ಕಣ್ಣಿನ ರಕ್ಷಣೆಯ ಕನ್ನಡಕ, ಪೆಲೆಟ್ ತಡೆಯೋಕೆ ದಪ್ಪ ತಗಡಿನ ಪೆಟ್ಟಿಗೆ. ಅಪ್ಪಂದಿರು ಹಾಕಿದ ಷರತ್ತು ಮೂರು: ಹೊಡೆಯೋದು ಅರಿಶಿನದ ಗೋಡೌನ್ ಒಳಗೆ ಮಾತ್ರ, ರೈಫಲ್‌ಗೆ ಬೀಗ, ಪೆಲೆಟ್ ಬೇರೆ ಕಡೆ, ಬಿಲ್ಲು ಮತ್ತು ಜೌಲ್ ಎಷ್ಟು ಅಂತ ಬರೆದಿರೋ ಕಾಗದ ಯಾವಾಗಲೂ ಚೀಲದಲ್ಲಿ. ಬೆಳೆ ಮಾರಿದ ಮೇಲೆ ಗೋಡೌನ್ ಖಾಲಿ, ಉದ್ದ ಅಳೆದ್ರೆ ಹನ್ನೊಂದು ಮೀಟರ್. ಮುಂಬಾಗಿಲಿಗೆ ಒಳಗಿಂದ ಚಿಲಕ ಹಾಕಿದ ಮೇಲೇ ಮೊದಲ ಪೆಲೆಟ್.

ಸ್ಪ್ರಿಂಗ್ ರೈಫಲ್ ಕಲಿಸಿದ ಪಾಠ ಒಂದಿದೆ. ಬಿಗಿಯಾಗಿ ಹಿಡಿದಷ್ಟೂ ಗುಂಪು ಚೆಲ್ಲಾಪಿಲ್ಲಿ, ಯಾಕಂದ್ರೆ ನಮ್ಮ ಹಿಡಿತ ಪ್ರತಿ ಸಲ ಒಂದೇ ಥರ ಇರಲ್ಲ. ಅಂಗೈ ಮೇಲೆ ಹಗುರವಾಗಿ ಕೂರಿಸಿ, ಅದರ ಒದೆಯನ್ನು ಅದರ ಪಾಡಿಗೆ ಬಿಟ್ಟರೆ ಪ್ರತಿ ಸಲ ಒಂದೇ ಥರ ಒದೆಯುತ್ತೆ, ಪೆಲೆಟ್ ಒಂದೇ ಕಡೆ ಹೋಗುತ್ತೆ. ಮೊದಲ ವಾರ ಐದು ಪೆಲೆಟ್ ಅಂಗೈ ಅಗಲಕ್ಕೆ ಹರಡಿದ್ದವು. ಎರಡು ತಿಂಗಳ ಮೇಲೆ ಐದು ರೂಪಾಯಿ ನಾಣ್ಯದ ಕೆಳಗೆ ಮುಚ್ಚುತ್ತಿವೆ. ಆ ಅರ್ಧ ಮಿಲಿಮೀಟರ್ ಚುಕ್ಕಿ ಇನ್ನೂ ದೂರ ಇದೆ.

ನೀವೂ ತಗೋಬೇಕು ಅಂತಿದ್ರೆ ಇಷ್ಟು ಹೇಳ್ತೀವಿ. ಮೊದಲು ಎನ್‌ಸಿಸಿಯಲ್ಲೋ, ಯಾವುದಾದ್ರೂ ರೈಫಲ್ ಕ್ಲಬ್ಬಲ್ಲೋ ಹೇಳಿಕೊಡೋರ ಕೈಕೆಳಗೆ ಹತ್ತು ಸಲ ಹೊಡೆದು ನೋಡಿ. 4.5 ಮಿಲಿಮೀಟರ್, 20 ಜೌಲ್‌ಗಿಂತ ಕಮ್ಮಿ, ಬಿಲ್ಲು ಸಮೇತ ತಗೊಳ್ಳಿ. ಸ್ಕೋಪ್‌ಗೆ ದುಡ್ಡು ಸುರಿಯೋ ಮುಂಚೆ ಪೆಲೆಟ್ ತಡೆಯೋ ಪೆಟ್ಟಿಗೆಗೆ ಸುರಿಯಿರಿ. ಬೇರೆಯವರು ದುಡ್ಡು ಹಾಕ್ತೀನಿ ಅಂದ್ರೆ, ಅವರು ಯಾವುದಕ್ಕೆ ಗುರಿ ಇಡಬೇಕು ಅಂತಿದ್ದಾರೆ ಅಂತ ಮೊದಲೇ ಕೇಳಿಬಿಡಿ. ದಸರಾ ರಜೆಗೆ ಗುಂಡ್ಲುಪೇಟೆ ಕಡೆ ಬಂದ್ರೆ ಫೋನ್ ಮಾಡಿ, ಕನ್ನಡಕ ನಾವೇ ಕೊಡ್ತೀವಿ.