ನೀರಿಗೆ ಅದ್ದಿದಾಗ ಬರೋ 'ಟಿಕ್'

ಮೊದಲ ಫೋಟೋ ನೋಡಿ. ಎರಡು ಕತ್ತಿ. ಎರಡೂ ಒಂದೇ ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಹುಟ್ಟಿದ್ದು. ಒಂದೇ ಕುಲುಮೆ, ಒಂದೇ ಕೈ. ನೀವು ಎಷ್ಟು ಜೂಮ್ ಮಾಡಿದ್ರೂ ವ್ಯತ್ಯಾಸ ಸಿಗಲ್ಲ. ಆದರೆ ಹಿಡಿ ಹಾಕೋ ಮೊದಲು ದಾರ ಕಟ್ಟಿ ತೂಗುಬಿಟ್ಟು ಬಡಿದ್ರೆ ಒಂದು 'ಠಣ್' ಅಂತ ಉದ್ದಕ್ಕೆ ಎಳೀತದೆ, ಇನ್ನೊಂದು 'ಠಪ್' ಅಂತ ಅಲ್ಲೇ ನಿಲ್ತದೆ. ಎರಡನೇದರಲ್ಲಿ ಬಿರುಕಿದೆ. ಬಿರುಕಿನ ಎರಡು ಮುಖ ಒಂದಕ್ಕೊಂದು ಉಜ್ಜಿ ಕಂಪನವನ್ನ ತಿಂದುಬಿಡ್ತವೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಿಮ್ಮನೆ ಹಿರಿಯರು ಬಾರಿಸಿ ನೋಡ್ತಾರಲ್ಲ, ಅದೇ ಲೆಕ್ಕ.

ಸಿಗಂದೂರು ಅಂದ್ರೆ ನಿಮಗೆ ಚೌಡೇಶ್ವರಿ ದೇವಸ್ಥಾನ ಗೊತ್ತು, ಶರಾವತಿ ಹಿನ್ನೀರು ಗೊತ್ತು, ಲಾಂಚ್ ಗೊತ್ತು. 2025ರ ಜುಲೈ 14ಕ್ಕೆ ಉದ್ಘಾಟನೆಯಾದ ಸೇತುವೆಯ ರೀಲ್ಸ್ ಅಂತೂ ಎಲ್ಲರೂ ನೋಡಿದ್ದೀರಿ. ಈ ಕಡೆಯ ಕುಲುಮೆ ನೋಡಿದವರು ಕಮ್ಮಿ. ನಮ್ಮ ಅಪ್ಪಯ್ಯಂದು ಕಮ್ಮಾರಿಕೆ. ಸೊಪ್ಪು ಕಡಿಯೋ ಕತ್ತಿ, ಅಡಿಕೆ ಸುಲಿಯೋ ಮೆಟ್ಟುಗತ್ತಿ, ಹಾರೆ, ಗುದ್ದಲಿ. ಸೇತುವೆ ಆದಮೇಲೆ ಸಾಗರಕ್ಕೆ ಹೋಗಿ ರೆಡಿಮೇಡ್ ಕತ್ತಿ ತರೋದು ಸಲೀಸಾಗಿದೆ. ಅದು ಬೇರೆ ಕಥೆ, ಇನ್ನೊಂದು ಕಂತಿಗಿರಲಿ.

ಕತ್ತಿಗೆ ಹದ ಹಾಕೋದು ಅಂದ್ರೆ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದೋದು. ಆಗ 'ಚೊಂಯ್' ಅನ್ನೋ ಸದ್ದನ್ನ ಎಲ್ಲರೂ ಕೇಳ್ತಾರೆ. ಕಮ್ಮಾರ ಕೇಳಿಸ್ಕೊಳ್ಳೋದು ಅದರೊಳಗಿನ ಇನ್ನೊಂದನ್ನ: 'ಟಿಕ್'. ಉಗುರಿನಿಂದ ಗಾಜು ತಟ್ಟಿದಷ್ಟು ಸಣ್ಣದು. ಅದು ಕೇಳಿತು ಅಂದ್ರೆ ಬೆಳಿಗ್ಗೆಯಿಂದ ಬಡಿದದ್ದೆಲ್ಲ ಹೋತು ಅಂತ. ಅಲಗು ಒಳಗೆ ಸೀಳಿದೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗಲೇ ಅಪ್ಪಯ್ಯ ನನ್ನನ್ನ ನೀರಿನ ದೋಣಿ ಪಕ್ಕ ನಿಲ್ಲಿಸೋಕೆ ಶುರುಮಾಡಿದ್ರು. "ಪುಟ್ಟಿ, ಟಿಕ್ ಅಂತಾ?" ಅಂತ ಕೇಳೋರು. ಮಗಳಿಗೆ ಕೆಲಸ ಕಲಿಸ್ತಿದ್ದಾರೆ ಅಂತ ಅಮ್ಮ ಅಂದ್ಕೊಂಡಿದ್ರು. ನಿಜ ಸಂಗತಿ ಅಂದ್ರೆ ಅವರಿಗೆ ಆ ಸದ್ದು ಕೇಳ್ತಿರಲಿಲ್ಲ. ವರ್ಷಗಟ್ಟಲೆ ಸುತ್ತಿಗೆ ಸದ್ದು ಕೇಳಿದ ಕಿವಿ ಮೊದಲು ಕಳ್ಕೊಳ್ಳೋದು 4000 ಹರ್ಟ್ಸ್ ಆಸುಪಾಸಿನ ತೆಳು ಸದ್ದುಗಳನ್ನ. ಮಾತು ಕೇಳ್ತಾ ಇರ್ತದೆ, ಬಸ್ಸು ಕೇಳ್ತದೆ, ಹಾಗಾಗಿ ಮನೆಯವರಿಗೂ ಗೊತ್ತಾಗಲ್ಲ. 'ಟಿಕ್' ಮಾತ್ರ ಹೋಗಿರ್ತದೆ.

ಈಗ ನಾನು ಶಿವಮೊಗ್ಗ ಕಡೆಯ ಒಂದು ಫೋರ್ಜಿಂಗ್ ಶಾಪ್‌ನಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೀನಿ. ಕೆಲಸ ಅದೇ, ಕೇಳೋದು. ಬಡಿದು ತಣ್ಣಗಾದ ಸರಕಿಗೆ ಗ್ರೀಸ್ ಸವರಿ, ಪ್ರೋಬ್ ಇಟ್ಟು, ಮನುಷ್ಯರಿಗೆ ಕೇಳಿಸದ ಸದ್ದನ್ನ ಒಳಗೆ ಕಳಿಸ್ತೀವಿ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5900 ಮೀಟರ್ ಓಡ್ತದೆ, ಗಾಳಿಯಲ್ಲಿ ಓಡೋದಕ್ಕಿಂತ ಹದಿನೇಳು ಪಟ್ಟು ಜೋರು. 100 ಮಿಲಿಮೀಟರ್ ದಪ್ಪದ ಸರಕಿನ ಆಚೆ ಬದಿಗೆ ತಾಗಿ ವಾಪಸ್ ಬರೋಕೆ 34 ಮೈಕ್ರೋಸೆಕೆಂಡ್ ಬೇಕು. 17ಕ್ಕೇ ಒಂದು ಪ್ರತಿಧ್ವನಿ ಬಂತು ಅಂದ್ರೆ ನಟ್ಟನಡುವೆ ಏನೋ ಅಡ್ಡ ಇದೆ. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಆಕ್ಸಲ್‌ಗಳನ್ನ ಕಾಯಿಸಿ ಬಡಿದು ಮಾಡ್ತಾರೆ. ಅವೂ ಈ ಪರೀಕ್ಷೆ ದಾಟಿಯೇ ಹೊರಗೆ ಬರಬೇಕು. ಹಿಂದೆಲ್ಲ ರೈಲು ನಿಂತಾಗ ಸುತ್ತಿಗೆ ಹಿಡಿದು ಗಾಲಿ ತಟ್ಟುತ್ತಾ ಹೋಗೋರಲ್ಲ, ಅವರ ಮೊಮ್ಮಕ್ಕಳು ನಾವು.

ಆದರೆ ಇದು ಹುಟ್ಟಿಯಾದ ಬಿರುಕನ್ನ ಆಮೇಲೆ ಹುಡುಕೋ ಕೆಲಸ. ಅಪ್ಪಯ್ಯಂದು ಹುಟ್ಟುವಾಗಲೇ ಕೇಳೋದು. ಅದಕ್ಕೂ ಈಗ ಉಪಕರಣ ಇದೆ. ಲೋಹ ಸೀಳುವಾಗ, ಸರಿದಾಡುವಾಗ ತಾನೇ ಸದ್ದು ಮಾಡ್ತದೆ. ನಂಬಿಕೆ ಬರದಿದ್ರೆ ಕಲಾಯಿ ಹಾಕೋರ ಹತ್ರ ಇರೋ ಅಪ್ಪಟ ತವರದ ಕಡ್ಡಿಯನ್ನ ಕಿವಿ ಹತ್ರ ಹಿಡಿದು ಬಗ್ಗಿಸಿ, 'ಕರ್‌ಕರ್' ಅಂತದೆ. ಒಳಗಿನ ಹರಳುಗಳು ಮಗ್ಗುಲು ಬದಲಿಸೋ ಸದ್ದು ಅದು. ಉಕ್ಕಿನದ್ದು ಬಹಳ ಮಟ್ಟಿಗೆ ನಮ್ಮ ಕಿವಿಯ ಮಿತಿಯಾದ 20,000 ಹರ್ಟ್ಸ್‌ಗಿಂತ ಮೇಲಿರ್ತದೆ. 1950ರಲ್ಲಿ ಜರ್ಮನಿಯ ಯೋಸೆಫ್ ಕೈಸರ್ ಇದನ್ನ ಅಳೆದು, ಒಮ್ಮೆ ಹೊತ್ತ ಭಾರವನ್ನ ದಾಟೋವರೆಗೆ ಲೋಹ ಮತ್ತೆ ಸದ್ದು ಮಾಡಲ್ಲ ಅಂತ ತೋರಿಸಿದ್ರು. ನನಗೆ ತುಂಬ ಇಷ್ಟವಾದ ಸಂಗತಿ ಇದು.

ಕಷ್ಟ ಎಲ್ಲಿ ಅಂದ್ರೆ, 1200 ಡಿಗ್ರಿ ಕಾದ ಉಕ್ಕಿಗೆ ಸೆನ್ಸರ್ ಅಂಟಿಸೋಕೆ ಆಗಲ್ಲ. ಡೈ ಕೂರಿಸೋ ಗಟ್ಟಿಗೆ ಬೋಲ್ಟ್ ಮಾಡ್ಬೇಕು. ಅಲ್ಲಿ ಹ್ಯಾಮರ್ ಸದ್ದು, ಪಕ್ಕದ ಪ್ರೆಸ್ ಸದ್ದು, ಎಲ್ಲ ಸೇರಿ ಸಿಗಂದೂರು ಜಾತ್ರೆ. ಅದರಲ್ಲಿ ಒಂದು 'ಟಿಕ್' ಹುಡುಕಬೇಕು. ಹಾಗಾಗಿ ಯಂತ್ರ ಬಿರುಕನ್ನೇ ಹುಡುಕಲ್ಲ. ಒಳ್ಳೇ ಏಟು ಹೇಗಿರ್ತದೆ ಅಂತ ಕಲಿತು, ಹಾಗಿಲ್ಲದ್ದಕ್ಕೆ ಕೆಂಪು ದೀಪ ಹಾಕ್ತದೆ.

ಒಳ್ಳೇ ಏಟು ಯಾವುದು ಅಂತ ಅದಕ್ಕೆ ಹೇಳಿಕೊಟ್ಟವರು ನಮ್ಮ ಹ್ಯಾಮರ್ ಮೇಸ್ತ್ರಿ. ವಾರಗಟ್ಟಲೆ ನಿಂತು ಪ್ರತಿ ಏಟಿಗೂ ಹೇಳಿದ್ರು: ಸರಿ, ಸರಿ, ಇದು ತಣ್ಣಗಾಗಿತ್ತು, ಇದರಲ್ಲಿ ಡೈ ತುಂಬಿಲ್ಲ. ಕಾದ ಕಬ್ಬಿಣ 'ದಪ್' ಅಂತದೆ, ಆರುತ್ತಾ ಹೋದಂಗೆ ಸದ್ದು ಗಟ್ಟಿಯಾಗ್ತದೆ. ಆರಿದ್ದನ್ನ ಬಡಿದ್ರೆ ಮೂಲೆ ಸೀಳ್ತದೆ. ಹೀಗೆ ಏಟನ್ನ ಕಿವಿಯಿಂದಲೇ ಅಳೆಯೋರಾದ್ದರಿಂದ ಅವರು ಇಯರ್‌ಪ್ಲಗ್ ಹಾಕಲ್ಲ. "ಕಿವಿ ಮುಚ್ಕೊಂಡ್ರೆ ಕಣ್ಣು ಕಟ್ಟಿದಂಗೆ ಆಗ್ತದೆ ಮಾರಾಯ್ತಿ" ಅಂತಾರೆ. ಸದ್ದಿನಿಂದ ಬರೋ ಕಿವುಡು ಕಾಯಿದೆ ಪ್ರಕಾರ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. ಅಪ್ಪಯ್ಯನಂಥವರ ಕುಲುಮೆಗೆ ಆ ಕಾಯಿದೆ ಬರಲ್ಲ. ಶಾಪ್‌ಗೆ ಬರ್ತದೆ, ಆದ್ರೂ ಪ್ಲಗ್ ಜೇಬಲ್ಲೇ ಉಳೀತದೆ.

ಸೆನ್ಸರ್ ಹಾಕಿಸಿದ್ದು ರಿಜೆಕ್ಷನ್ ಕಮ್ಮಿಯಾಗಲಿ ಅಂತ. ಮೀಟಿಂಗ್‌ನಲ್ಲಿ ಮಾತಾಡೋದೂ ಅಷ್ಟೇ. ನನಗೆ ಅದು ಬೇಕಾಗಿರೋದು ಮೇಸ್ತ್ರಿ ಧೈರ್ಯವಾಗಿ ಕಿವಿ ಮುಚ್ಕೊಳ್ಳಲಿ ಅಂತ. ದೀಪ ಹೇಳ್ತದಲ್ಲ, ನೀವು ಕಣ್ಣಿಂದ ನೋಡಿ ಅಂತ ದಿನಾ ಹೇಳ್ತೀನಿ.

ಕೊನೇ ಫೋಟೋದಲ್ಲಿರೋ ಹಳದಿ ಪ್ಲಗ್ ಅವರದ್ದೇ. ಹೋದ ತಿಂಗಳಿಂದ ಬಲಗಿವಿಗೆ ಹಾಕ್ತಿದ್ದಾರೆ. ಎಡಗಿವಿ ಇನ್ನೂ ಕೊಟ್ಟಿಲ್ಲ.